ಸಂತರ್ಪಣೆಯ ಅಡುಗೆಮನೆಯಲ್ಲಿ ನಿಷ್ಕಾಮ ಕರ್ಮ

ರಥೋತ್ಸವದ ದಿನ. ದೇವಸ್ಥಾನದ ಸಂತರ್ಪಣೆಗೆ ಸಾವಿರ ಜನರ ಅಂದಾಜು. ಬೆಳಗಿನ ಜಾವ ಅಕ್ಕಿ ಅಳೆಯುತ್ತಿದ್ದಾಗ ಸೇವೆಗೆ ಬಂದ ಹುಡುಗನೊಬ್ಬ, "ದೇವರ ಕೆಲಸ, ಫಲ ಅವನಿಗೇ ಬಿಟ್ಟದ್ದು. ಇಷ್ಟೆಲ್ಲ ಲೆಕ್ಕ ಯಾಕೆ ಭಟ್ರೇ?" ಎಂದ. "ತಲೆಗೆ ನೂರಿಪ್ಪತ್ತು ಗ್ರಾಂ. ಅಳೆ ಮಾರಾಯ" ಎಂದರು ಭಟ್ಟರು.

ಹುಡುಗನ ಪ್ರಶ್ನೆ ತುಂಬ ಜನರದು. ಫಲದ ಆಸೆ ಬಿಡುವುದೆಂದರೆ ಪರಿಣಾಮ ಯೋಚಿಸದಿರುವುದು ಎಂದುಕೊಳ್ಳುತ್ತಾರೆ. ಗೀತೆ ಹೇಳುವುದು ಇದಕ್ಕೆ ತದ್ವಿರುದ್ಧ. ಮುಂದಾಗುವುದೇನು, ನಷ್ಟವೆಷ್ಟು, ಯಾರಿಗೆ ನೋವು, ನಮ್ಮ ಶಕ್ತಿಯೆಷ್ಟು ಎಂದು ನೋಡದೆ ಮೋಹದಿಂದ ತೊಡಗಿದ ಕರ್ಮ ತಾಮಸ ಎನ್ನುತ್ತದೆ 18ನೇ ಅಧ್ಯಾಯದ 25ನೇ ಶ್ಲೋಕ. 120 ಕೆಜಿ ಅಕ್ಕಿ, ಮೇಲೆ 10 ಕೆಜಿ ತೊಳೆಯದೆ ಬದಿಗೆ: ಈ ಲೆಕ್ಕವೂ ಕರ್ಮವೇ.

ದೊಡ್ಡ ಹಂಡೆಯ ಅನ್ನಕ್ಕೆ ಗಮನ ಹೆಚ್ಚು ಬೇಕು. ಒಂದು ಅಗುಳು ಹಿಚುಕಿದರೆ ನಡುವೆ ಸೂಜಿಮೊನೆಯಷ್ಟು ಗಟ್ಟಿ ಉಳಿದಿರಬೇಕು, ಆಗಲೇ ಗಂಜಿ ಬಸಿಯಬೇಕು. ಪೂರ್ತಿ ಬೆಂದ ಮೇಲೆ ಬಸಿದರೆ ರಾಶಿಯ ಒಳಬಿಸಿಗೆ ಅನ್ನ ಮತ್ತೂ ಬೇಯುತ್ತದೆ, ತಳದ್ದು ಮುದ್ದೆಯಾಗುತ್ತದೆ. ಹುಳಿಗೆ ತರಕಾರಿ ಬೆಂದ ಮೇಲೆಯೇ ಹುಣಸೆ ರಸ. ಮೊದಲೇ ಹಾಕಿದರೆ ಹೋಳು ಬೇಗ ಮೆತ್ತಗಾಗುವುದಿಲ್ಲ. ಈ ಹೊತ್ತಿನಲ್ಲಿ "ಊಟ ಚೆನ್ನಾಗಿತ್ತು ಅಂತಾರೋ ಇಲ್ಲವೋ" ಎಂಬ ಚಿಂತೆ ಹೊಕ್ಕರೆ ಕೈ ಅಗುಳನ್ನು ಮರೆಯುತ್ತದೆ. ಆಸೆ ಬಿಡು ಎನ್ನುವುದರ ಉಪಯೋಗ ನನಗೆ ಕಂಡದ್ದು ಇಲ್ಲೇ. ಕೆಲಸದ ಮೇಲಿನ ಕಣ್ಣು ಅತ್ತಿತ್ತ ಹೋಗುವುದಿಲ್ಲ.

ಬಡಿಸುವಲ್ಲಿ ಪರೀಕ್ಷೆ ಇನ್ನೂ ಕಠಿಣ. ಎಲೆಯ ತುದಿ ಉಣ್ಣುವವರ ಎಡಕ್ಕೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಆಮೇಲೆ ಅನ್ನ, ತೊವ್ವೆ, ತುಪ್ಪ. ಪಂಕ್ತಿಯ ಒಂದೇ ತುದಿಯಿಂದ ಹೊರಡಬೇಕು, ನಡುವೆ ಹಿಂದಿರುಗಬಾರದು, ಬೇಕೆಂದವರಿಗೆ ಎರಡನೇ ಸುತ್ತಿನಲ್ಲಿ ಬಡಿಸಬೇಕು. ಕೆಡುವುದು ಪಾಯಸದ ಸೌಟಿನಲ್ಲಿ. ಗುರುತಿನವರ ಎಲೆಗೆ ಕೈ ತಾನಾಗಿ ಧಾರಾಳವಾಗುತ್ತದೆ, ಅವರ ಮುಖದ ನಗುವೇ ಆಗ ಫಲ. ಹಾಗಾದಾಗ ಕೊನೆಯ ಪಂಕ್ತಿಗೆ ಪಾಯಸ ಸಾಲುವುದಿಲ್ಲ. ಅದಕ್ಕೆ ಭಟ್ಟರು ಪಾಯಸಕ್ಕೆ ಊರಿನ ಪರಿಚಯವಿಲ್ಲದವರನ್ನೇ ನಿಲ್ಲಿಸುತ್ತಾರೆ. ಒಳ್ಳೆಯ ಏರ್ಪಾಡು.

ಎಲೆಗಳಿಗೆ ಬಡಿಸಿ ಮುಗಿದೊಡನೆ ಕೈಯಿಂದ ನೀರು ಬಿಟ್ಟು "ಶ್ರೀಕೃಷ್ಣಾರ್ಪಣಮಸ್ತು" ಎನ್ನುವುದು ನಮ್ಮಲ್ಲಿ ಕ್ರಮ. ಯಾರೂ ಇನ್ನೂ ತುತ್ತು ಬಾಯಿಗಿಟ್ಟಿರುವುದಿಲ್ಲ. ರುಚಿಯಾಯಿತೋ ಇಲ್ಲವೋ ಎಂದು ತಿಳಿಯುವ ಮೊದಲೇ ಕೊಟ್ಟಾಗಿರುತ್ತದೆ. ಹೊಗಳಿಕೆ ಬಂದ ಮೇಲೆ ಅರ್ಪಿಸುವುದು ಸುಲಭ. ಈ ಕ್ರಮ ಅದಕ್ಕೆ ಎಡೆಯನ್ನೇ ಕೊಡುವುದಿಲ್ಲ.

ಅರ್ಪಿಸಿದ ಮೇಲೂ ಕೆಲಸ ಮುಗಿಯಲಿಲ್ಲ. ಮೊದಲ ಪಂಕ್ತಿಯಿಂದ "ಹುಳಿಗೆ ಉಪ್ಪು ಹೆಚ್ಚು" ಎಂದು ಸುದ್ದಿ ಬಂತು. ಸಿದ್ಧಿ-ಅಸಿದ್ಧಿಗಳಲ್ಲಿ, ಅಂದರೆ ಕೆಲಸ ಕೈಗೂಡಿದರೂ ಕೈಗೂಡದಿದ್ದರೂ, ಸಮನಾಗಿರು ಎಂದು ಗೀತೆ ಹೇಳುವುದೆಂದರೆ ಇಂಥ ಮಾತನ್ನು ಕೇಳಿಸಿಕೊಳ್ಳದಿರುವುದಲ್ಲ. ಭಟ್ಟರು ಸಿಟ್ಟಾಗಲಿಲ್ಲ, ಯಾರು ಹೇಳಿದ್ದೆಂದೂ ಕೇಳಲಿಲ್ಲ. ಒಂದು ಹನಿ ಅಂಗೈಗೆ ಬಿಟ್ಟು ನೆಕ್ಕಿ ನೋಡಿದರು. ಬರೀ ನೀರು ಸುರಿದರೆ ಹುಳಿ ತೆಳ್ಳಗಾಗಿ ಮಸಾಲೆಯೂ ಸಪ್ಪೆಯಾಗುತ್ತದೆ. ಹಾಗಾಗಿ ಉಪ್ಪು ಹಾಕದೆ ಬೇಯಿಸಿ ತೆಗೆದಿಟ್ಟಿದ್ದ ಬೇಳೆಯನ್ನು ಮಸೆದು ಸೇರಿಸಿ, ಮತ್ತೊಂದು ಕುದಿ ಬರಿಸಿ, ಎರಡನೇ ಪಂಕ್ತಿಗೆ ಕಳಿಸಿದರು.