ಮಕ್ಕಳ ಕೈಗೆ ದುಡ್ಡು: ‘ಯಾವ ವಯಸ್ಸಿನಿಂದ?’ ಎನ್ನುವವರಿಗೆ

ಮಗಳಿಗೆ ನಾನು ವಾರಕ್ಕೊಮ್ಮೆ ಹಣ ಕೊಡುತ್ತೇನೆಂದು ತಿಳಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ‘ಮಕ್ಕಳಿಗೆ ದುಡ್ಡಿನ ವ್ಯವಹಾರವನ್ನು ಯಾವ ವಯಸ್ಸಿನಿಂದ ಕಲಿಸಬೇಕು?’ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಬರೆದೇ ಬಿಡುತ್ತೇನೆ. ಐದು ನಾಣ್ಯಗಳನ್ನು ಒತ್ತಾಗಿಟ್ಟರೂ ದೂರ ದೂರ ಹರಡಿದರೂ ಅವು ಐದೇ ಎಂಬುದು ಮಗುವಿಗೆ ಮನದಟ್ಟಾದ ಮೇಲೆ ಕೊಡಬಹುದು. ಸಾಮಾನ್ಯವಾಗಿ ಅದು ಆರೇಳು ವರ್ಷದ ಹೊತ್ತಿಗೆ ಆಗುತ್ತದೆ. ನನ್ನ ಮಗಳಿಗೆ ನಾನು ಶುರು ಮಾಡಿದ್ದು ಆರನೆಯ ವರ್ಷದಲ್ಲಿ. ವಯಸ್ಸಿನ ಮಾತು ಇಲ್ಲಿಗೆ ಮುಗಿಯಿತು.

ಆ ಪ್ರಶ್ನೆಯ ಧಾಟಿಯೇ ನನಗೆ ಹಿಡಿಸುವುದಿಲ್ಲ. ‘ಕಲಿಸಬೇಕು’ ಎನ್ನುವಾಗಲೇ ತಪ್ಪು ಮಾಡುವವರು ಮಕ್ಕಳು, ತಿದ್ದುವವರು ನಾವು ಎಂಬ ತೀರ್ಮಾನ ಆಗಿಹೋಗಿರುತ್ತದೆ. ‘ಈಗಲೇ ದುಡ್ಡಿನ ರುಚಿ ಹತ್ತಿಸಬೇಡಿ’ ಎಂದು ಬುದ್ಧಿ ಹೇಳುವವರೂ ಇದ್ದಾರೆ. ಸಾಲದ ಕಂತಿನ ವಿಷಯಕ್ಕೆ ಅಪ್ಪ ಅಮ್ಮ ದನಿ ತಗ್ಗಿಸಿ ಜಗಳವಾಡುವುದನ್ನು ಪಕ್ಕದ ಕೋಣೆಯಿಂದ ಕೇಳಿಸಿಕೊಂಡ ಮಗುವಿಗೆ ದುಡ್ಡಿನ ಪಾಠ ಆಗಲೇ ಶುರುವಾಗಿದೆ ಎಂಬುದು ಇವರಿಗೆ ಹೊಳೆಯುವುದಿಲ್ಲ.

ನನಗೂ ಅದು ಹೊಳೆದದ್ದು ತಡವಾಗಿಯೇ. ಮಗಳಿಗೆ ಎಂಟು ವರ್ಷವಾಗಿದ್ದಾಗ, ಬಣ್ಣದ ಪೆನ್ಸಿಲ್‌ಗಳ ದೊಡ್ಡ ಪೆಟ್ಟಿಗೆಯೊಂದಕ್ಕಾಗಿ ಎರಡು ತಿಂಗಳು ಹಣ ಕೂಡಿಟ್ಟವಳು, ಇದ್ದಕ್ಕಿದ್ದಂತೆ ಕೊಟ್ಟ ದಿನವೇ ಎಲ್ಲವನ್ನೂ ಖರ್ಚು ಮಾಡತೊಡಗಿದಳು. ಮೂರನೆಯ ವಾರ ನಾನು ಸಿಟ್ಟಿನಿಂದ, ‘ಕೂಡಿಡುವುದೇ ಗೊತ್ತಿಲ್ಲ ನಿನಗೆ’ ಎಂದು ಗದರಿದೆ. ಅವಳು ಒಳಗೆ ಹೋಗಿ ತನ್ನ ಲೆಕ್ಕದ ನೋಟ್‌ಬುಕ್ ತಂದು ನನ್ನ ಮುಂದೆ ತೆರೆದಿಟ್ಟಳು. ಒಂದು ಸಾಲಿನಲ್ಲಿ ಪೆನ್ಸಿಲಿನಿಂದ ಒತ್ತಿ ‘ಅಮ್ಮ ತಗೊಂಡಿದ್ದು’ ಎಂದು ಬರೆದಿತ್ತು. ಎದುರಿಗೆ ಮೊತ್ತ, ತಾರೀಕು. ಪಕ್ಕದಲ್ಲಿ ಗೆರೆ ಎಳೆದು ‘ವಾಪಸ್’ ಎಂದು ಬರೆದ ಅಂಕಣ ಖಾಲಿಯಾಗಿತ್ತು. ಒಂದು ಬೆಳಿಗ್ಗೆ ಚಿಲ್ಲರೆ ಇಲ್ಲವೆಂದು ಅವಳ ಡಬ್ಬಿಯಿಂದ ತೆಗೆದುಕೊಂಡು, ಸಂಜೆ ಇಡುತ್ತೇನೆಂದು ಹೇಳಿ ಮರೆತಿದ್ದೆ. ‘ಡಬ್ಬಿಯಲ್ಲಿಟ್ಟರೆ ನೀನು ತಗೋತೀಯಲ್ಲಮ್ಮ’ ಎಂದಳು. ಆ ದನಿಯಲ್ಲಿ ದೂರಿರಲಿಲ್ಲ, ನನಗೆ ಗೊತ್ತಿಲ್ಲದ ಸಂಗತಿಯೊಂದನ್ನು ತಿಳಿಸಿಕೊಟ್ಟಂತಿತ್ತು.

ಮುಂದೊಮ್ಮೆ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕಿ ಸೆಲೆಸ್ಟ್ ಕಿಡ್ ಮತ್ತು ಜೊತೆಗಾರರು 2013ರಲ್ಲಿ ಪ್ರಕಟಿಸಿದ ಪ್ರಯೋಗದ ವಿವರ ಓದುವಾಗ ಆ ಖಾಲಿ ಅಂಕಣವೇ ಕಣ್ಣಿಗೆ ಕಟ್ಟಿತು. ಅವರು 28 ಮಕ್ಕಳನ್ನು ಎರಡು ಗುಂಪು ಮಾಡಿದರು. ಚಿತ್ರ ಬರೆಯಲು ಇನ್ನೂ ಒಳ್ಳೆಯ ಸಾಮಗ್ರಿ ತರುತ್ತೇವೆಂದು ಎರಡೂ ಗುಂಪಿಗೆ ಮಾತು ಕೊಟ್ಟು, ಒಂದು ಗುಂಪಿಗೆ ತಂದುಕೊಟ್ಟರು, ಇನ್ನೊಂದಕ್ಕೆ ‘ಇಲ್ಲ’ ಎಂದು ಕೈಚೆಲ್ಲಿದರು. ಆಮೇಲೆ ಪ್ರತಿ ಮಗುವಿನ ಮುಂದೆ ಒಂದು ಸಿಹಿ ತಿನಿಸನ್ನಿಟ್ಟು, ಕಾದರೆ ಎರಡು ಸಿಗುತ್ತವೆ ಎಂದರು. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರನ್ನು ಕಂಡವರು ಕಾದದ್ದು ಸುಮಾರು 3 ನಿಮಿಷ. ನಾವು ಮಕ್ಕಳಲ್ಲಿ ಸಂಯಮವಿಲ್ಲ ಎನ್ನುತ್ತೇವಲ್ಲ, ಆ 3 ನಿಮಿಷದ ಮಕ್ಕಳು ಮಾಡಿದ್ದು ಸರಿಯಾದ ಲೆಕ್ಕಾಚಾರವನ್ನೇ. ನನ್ನ ಮಗಳು ಮಾಡಿದ್ದೂ ಅದನ್ನೇ.

ಆದ್ದರಿಂದ ‘ಯಾವ ವಯಸ್ಸಿನಿಂದ’ ಎನ್ನುವ ಬದಲು, ‘ಮಗುವಿನ ಡಬ್ಬಿಯಿಂದ ತೆಗೆದದ್ದನ್ನು ವಾಪಸ್ ಇಟ್ಟಿರಾ?’ ಎಂದು ಯಾರಾದರೂ ನನ್ನನ್ನು ಕೇಳಿದ್ದರೆ ಎಷ್ಟೋ ಉಪಕಾರವಾಗುತ್ತಿತ್ತು. ಉಡುಗೊರೆಯಾಗಿ ಬಂದ ಹಣವನ್ನು ‘ನಿನ್ನ ಹೆಸರಿನಲ್ಲಿ ಇಟ್ಟಿರುತ್ತೇವೆ’ ಎಂದು ಮಕ್ಕಳ ಕೈಯಿಂದ ಇಸಿದುಕೊಂಡು ಮನೆಖರ್ಚಿಗೆ ಬಳಸುವವರಿಗೂ ಈ ಪ್ರಶ್ನೆ ಅನ್ವಯಿಸುತ್ತದೆ. ಕಷ್ಟಕ್ಕೆ ಬಳಸುವುದು ತಪ್ಪೆಂದು ನಾನು ಹೇಳುತ್ತಿಲ್ಲ, ಹೇಳದೆ ಬಳಸುವುದು ತಪ್ಪು.

ಆ ದಿನವೇ ಹಣ ವಾಪಸ್ ಇಟ್ಟೆ. ಅಂದಿನಿಂದ ನಿಗದಿಯಾದ ವಾರ ತಪ್ಪದೆ ಕೊಡುತ್ತೇನೆ. ಅದನ್ನು ಮನೆಗೆಲಸದ ಕೂಲಿಯಾಗಿಯೂ ಮಾಡುವುದಿಲ್ಲ, ಶಿಕ್ಷೆಯೆಂದು ಕಿತ್ತುಕೊಳ್ಳುವುದೂ ಇಲ್ಲ. ಕೊಂಡ ಆಟಿಕೆ ಎರಡೇ ದಿನಕ್ಕೆ ಮುರಿದರೆ ಹೊಸದು ಕೊಡಿಸುವುದಿಲ್ಲ, ಜೊತೆಗೆ ಕುಳಿತು ಬೇಸರ ಪಡುತ್ತೇನೆ. ತಿಂಗಳ ಕೊನೆಗೆ ಡಬ್ಬಿಯಲ್ಲಿ ಉಳಿದ ಪ್ರತಿ 10 ನಾಣ್ಯಕ್ಕೆ 1 ನಾಣ್ಯ ಬಡ್ಡಿ ಸೇರಿಸುತ್ತೇನೆ. ಇಷ್ಟು ಬಡ್ಡಿಯನ್ನು ಯಾವ ಬ್ಯಾಂಕೂ ಕೊಡುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ವರ್ಷಕ್ಕೆ ಶೇಕಡ 6ರ ಚಕ್ರಬಡ್ಡಿಯಲ್ಲಿ ಹಣ ದುಪ್ಪಟ್ಟಾಗಲು ಸುಮಾರು 12 ವರ್ಷ ಬೇಕು. ಎಂಟು ವರ್ಷದ ಮಗುವಿಗೆ ಅದು ತನ್ನ ಇಡೀ ಬದುಕಿಗಿಂತ ಉದ್ದದ ಕಾಲ. ನಮ್ಮ ಡಬ್ಬಿಯಲ್ಲಿ ಮುಟ್ಟದೆ ಬಿಟ್ಟ ಹಣ ಎಂಟನೆಯ ತಿಂಗಳಿಗೆ ದುಪ್ಪಟ್ಟು ದಾಟುತ್ತದೆ. 100 ಇದ್ದದ್ದು ಮೊದಲ ತಿಂಗಳು 110 ಆಗಿ, ಎರಡನೆಯ ತಿಂಗಳು 121 ಆದಾಗ ಅವಳು ನಾಣ್ಯಗಳನ್ನು ಹತ್ತರ ಗುಡ್ಡೆಗಳಾಗಿ ಜೋಡಿಸಿ ಎರಡೆರಡು ಸಲ ಎಣಿಸಿ, ಗುಡ್ಡೆಗೆ ಸೇರದೆ ಉಳಿದ ಒಂದನ್ನು ಬೆರಳಿನಿಂದ ಬದಿಗೆ ಸರಿಸಿ, ‘ಇದು ಎಲ್ಲಿಂದ ಬಂತು?’ ಎಂದು ಕೇಳಿದಳು. ಬಡ್ಡಿಗೂ ಬಡ್ಡಿ ಹುಟ್ಟುತ್ತದೆಂದು ವಿವರಿಸಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ.

ಕಳೆದ ವಾರ ನನಗೆ ಮತ್ತೆ ಚಿಲ್ಲರೆ ಬೇಕಾಯಿತು. ಈ ಸಲ ಕೇಳಿದೆ. ‘ಯಾವತ್ತು ವಾಪಸ್ ಕೊಡ್ತೀಯ?’ ಎಂದಳು. ಶುಕ್ರವಾರ ಸಂಜೆ ಎಂದೆ. ಅವಳು ಅದನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡು, ಪೆನ್ಸಿಲನ್ನು ನನ್ನ ಕೈಗಿತ್ತು, ಸಹಿ ಹಾಕಿಸಿಕೊಂಡ ಮೇಲೆಯೇ ಡಬ್ಬಿಯ ಮುಚ್ಚಳ ತೆಗೆದಳು.