ಒಂದೇ ಗ್ರೇಡು, ಬೇರೆ ಬೇರೆ ಬೆಲೆ

ವಿಕ್ಟೋರಿಯಾ ರಾಣಿಯ 1862ರ ಎರಡು ಬೆಳ್ಳಿ ರೂಪಾಯಿ. ಎರಡೂ ಸ್ಲ್ಯಾಬಿನೊಳಗಿವೆ, ಅಂದರೆ ಗ್ರೇಡು ಕೊಡುವ ಸಂಸ್ಥೆ ಭದ್ರವಾಗಿ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯೊಳಗೆ. ಎರಡರ ಚೀಟಿಯ ಮೇಲೂ ಒಂದೇ ಗ್ರೇಡು, ಎಂಎಸ್ 63 (ಎಂಎಸ್ ಎಂದರೆ ಮಿಂಟ್ ಸ್ಟೇಟ್, ಚಲಾವಣೆಯಲ್ಲಿ ಸವೆಯದ ನಾಣ್ಯ). ಆದರೂ ಹರಾಜಿನಲ್ಲಿ ಒಂದಕ್ಕೆ ಇನ್ನೊಂದರ ಎರಡು ಪಟ್ಟು ಬೆಲೆ ಸಿಗುವುದುಂಟು. ಹೊಸಬರು ಇದನ್ನು ಮೋಸ ಅಂದುಕೊಳ್ಳುತ್ತಾರೆ. ಮೋಸವಲ್ಲ, ಕೊಳ್ಳುವವರು ಚೀಟಿಗಲ್ಲ, ನಾಣ್ಯಕ್ಕೆ ದುಡ್ಡು ಕೊಡುತ್ತಾರೆ.

ಮೊದಲು ಚುಕ್ಕೆ ನೋಡಿ. 1862 ಎಂಬ ಇಸವಿಯನ್ನೇ 1874ರವರೆಗೂ ಟಂಕಿಸಿದರು. ನಡುವಿನ ವರ್ಷಗಳನ್ನು ಗುರುತಿಸಲು ಹಿಂಬದಿಯಲ್ಲಿ ಸಣ್ಣ ಚುಕ್ಕೆಗಳನ್ನಿಟ್ಟರು. ಎಷ್ಟು ಚುಕ್ಕೆ, ಎಲ್ಲೆಲ್ಲಿ ಎಂಬುದರ ಮೇಲೆ ಅಪರೂಪದ ಲೆಕ್ಕ ಬದಲಾಗುತ್ತದೆ. ಚೀಟಿಯಲ್ಲಿ ಇದು ಯಾವಾಗಲೂ ಇರುವುದಿಲ್ಲ, ಭೂತಗನ್ನಡಿ ಹಿಡಿದು ನೀವೇ ಎಣಿಸಬೇಕು.

ಆಮೇಲೆ ಗೀರು. ಗ್ರೇಡಿನ ಅಂಕಿ ಕೊಡುವ ಷೆಲ್ಡನ್ ಮಾಪಕ 1ರಿಂದ 70ರವರೆಗೆ, 60ರಿಂದ ಮೇಲಕ್ಕೆ ಚಲಾವಣೆಯ ಸವೆತವಿಲ್ಲ. ಆದರೆ ಚೀಲದಲ್ಲಿ ನಾಣ್ಯಕ್ಕೆ ನಾಣ್ಯ ತಾಗಿ ಆದ ಗಾಯ ಇದ್ದೇ ಇರುತ್ತದೆ. ರಾಣಿಯ ಕೆನ್ನೆಯ ಮೇಲಿನ ಒಂದೇ ಗೀರು ಎದ್ದು ಕಾಣುತ್ತದೆ. ಅಷ್ಟೇ ಉದ್ದದ ಗೀರು ಉಡುಪಿನ ಹೂಬಳ್ಳಿಯೊಳಗೆ ಬಿದ್ದರೆ ಕಣ್ಣಿಗೇ ಬೀಳದು. ಒಂದೇ ದೀಪದಡಿ ನಾಣ್ಯವನ್ನು ಮೆಲ್ಲಗೆ ವಾಲಿಸಿ. ಬೆಳಕಿನ ಪಟ್ಟಿ ಗಾಲಿಯ ಕಡ್ಡಿಗಳಂತೆ ಮೈಮೇಲೆ ಸುತ್ತಿದರೆ ಮೂಲ ಹೊಳಪು ಉಳಿದಿದೆ. ಎಲ್ಲೆಡೆ ಒಂದೇ ಸಮನೆ ಮಿಂಚಿದರೆ ಯಾರೋ ಉಜ್ಜಿದ್ದಾರೆ.

ನಮ್ಮ ಮಲೆನಾಡಿನ ಮನೆಗಳಲ್ಲಿ ಈ ಉಜ್ಜುವುದೇ ದೊಡ್ಡ ಶತ್ರು. ಲಕ್ಷ್ಮೀಪೂಜೆಗೆ ಇಡುವ ಬೆಳ್ಳಿ ರೂಪಾಯಿಯನ್ನು ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕುತ್ತಾರೆ. ಕೂದಲೆಳೆಯಂಥ ನೂರಾರು ಗೆರೆ ಬೀಳುತ್ತವೆ. ಅಂಥದ್ದಕ್ಕೆ ಅಂಕಿಯೇ ಸಿಗದೆ, ನಾಣ್ಯ ಕೆಟ್ಟಿದೆ ಎಂದು ಸೂಚಿಸುವ ‘ಡೀಟೇಲ್ಸ್’ ಎಂಬ ಷರಾ ಬರುತ್ತದೆ. ಸರಕ್ಕೆ ಕೊಕ್ಕೆ ಬೆಸೆದು ತೆಗೆದದ್ದಕ್ಕೂ ಅದೇ ಗತಿ. ಮಳೆಗಾಲದ ತೇವದಲ್ಲಿ ಪಿವಿಸಿ ಆಲ್ಬಮ್ಮಿಗೆ ಹಾಕಿಟ್ಟರೆ ಹಸಿರು ಅಂಟು ಕೂರುತ್ತದೆ. ಅದನ್ನು ಶುದ್ಧ ಅಸಿಟೋನಿನಲ್ಲಿ ನೆನೆಸಿ ತೆಗೆಯಬಹುದು. ಒರೆಸಬಾರದು, ತಾನಾಗಿ ಆರಲಿ. ಆದರೆ ಲೋಹವನ್ನೇ ತಿಂದಿದ್ದರೆ ಕಲೆ ಹೋಗದು.

ಕೆಳದಿ ನಾಯಕರ ಚಿನ್ನದ ನಾಣ್ಯವಾದ ಇಕ್ಕೇರಿ ವರಾಹದ ಲೆಕ್ಕವೇ ಬೇರೆ. ಸುಮಾರು 3.4 ಗ್ರಾಂ ಚಿನ್ನ, ಒಂದು ಕಡೆ ಶಿವಪಾರ್ವತಿ, ಇನ್ನೊಂದು ಕಡೆ ನಾಗರಿಯಲ್ಲಿ ‘ಶ್ರೀ ಸದಾಶಿವ’. ಅಚ್ಚಿಗಿಂತ ಬಿಲ್ಲೆ ಚಿಕ್ಕದು, ಕೈಯಲ್ಲಿ ಹೊಡೆದದ್ದು. ಹಾಗಾಗಿ ಸವೆತ ಒಂದೇ ಇದ್ದರೂ ಒಂದರಲ್ಲಿ ಶಿವನ ತಲೆ ಅಂಚಿನಾಚೆ ಹೋಗಿರುತ್ತದೆ, ಇನ್ನೊಂದರಲ್ಲಿ ಇಬ್ಬರೂ ಪೂರ್ತಿ ಕೂತಿರುತ್ತಾರೆ. ಗ್ರೇಡಿನಂಕಿ ಮುಖ್ಯವಾಗಿ ಸವೆತ, ಗಾಯಗಳನ್ನು ಹೇಳುತ್ತದೆ. ಪೂರ್ತಿ ಚಿತ್ರಕ್ಕೆ ಸಿಗುವ ಹೆಚ್ಚಿನ ಬೆಲೆ ಅದರಲ್ಲಿ ಕಾಣದು. 1763ರಲ್ಲಿ ಆ ನಾಯಕರ ರಾಜಧಾನಿ ಬಿದನೂರು ಹಿಡಿದ ಹೈದರಾಲಿ ಶಿವಪಾರ್ವತಿಯನ್ನು ಹಾಗೇ ಉಳಿಸಿ, ಹಿಂಬದಿಗೆ ತನ್ನ ಹೆಸರಿನ ಮೊದಲಕ್ಷರ ಹಾಕಿಸಿದ. ಮುಂಬದಿಯ ಫೋಟೋ ಮಾತ್ರ ನೋಡಿ ಎರಡನ್ನೂ ಒಂದೇ ಎಂದುಕೊಂಡು ಕೂಗಬೇಡಿ.

ಕೊನೆಗೆ ಎದುರಾಳಿ. ಹರಾಜಿನ ಬೆಲೆಯನ್ನು ಗೆದ್ದವನಲ್ಲ, ಎರಡನೆಯವನು ಗಟ್ಟಿ ಮಾಡುತ್ತಾನೆ. ಆಸೆಪಡುವವನು ಒಬ್ಬನೇ ಇದ್ದರೆ ಒಳ್ಳೆಯ ನಾಣ್ಯವೂ ಆರಂಭದ ಬೆಲೆಗೇ ಹೋಗುತ್ತದೆ. ಜೊತೆಗೆ 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯವನ್ನು ದೇಶದಾಚೆ ಮಾರಲಾಗದು, ಇಲ್ಲಿ ಕೂಗುವವರು ಇಲ್ಲಿನವರೇ. ಹೀಗಾಗಿ ವಿದೇಶದ ಹರಾಜಿನ ಅಂಕಿ ಹಿಡಿದು ಇಲ್ಲಿ ಬೆಲೆ ಕಟ್ಟಬಾರದು. ಇಲ್ಲಿನ ಹಳೆಯ ಹರಾಜುಗಳಲ್ಲಿ ಅದೇ ಚುಕ್ಕೆಯ, ಅದೇ ಹೊಳಪಿನ ಮೂರು ನಾಲ್ಕು ನಾಣ್ಯ ಹುಡುಕಿ, ಅವುಗಳ ಚಿತ್ರ ಪಕ್ಕಕ್ಕಿಟ್ಟುಕೊಂಡು ಮಿತಿ ಬರೆದುಕೊಳ್ಳಿ. ಕೂಗಿದ ಮೊತ್ತದ ಮೇಲೆ ಹರಾಜುದಾರರ ಕಮಿಷನ್, ಜಿಎಸ್‌ಟಿ ಬೇರೆ ಸೇರುತ್ತವೆ. ಆ ಮಿತಿಯೊಳಗೇ ಅವೂ ಇರಲಿ.