ಈ ಸೆಕೆಗೆ ಬೆಕ್ಕಿನ ಕೂದಲು ಬೋಳಿಸಬಾರದಾ?

ಏಪ್ರಿಲ್ ಬಂತೆಂದರೆ ನಮ್ಮ ಮನೆಗೆ ಬಂದವರೆಲ್ಲ ಕೇಳುವುದು ಒಂದೇ. "ಪಾಪ, ಇಷ್ಟು ಕೂದಲು ಹೊತ್ಕೊಂಡು ಈ ಮುಂಬಯಿ ಸೆಕೆಯಲ್ಲಿ ಹೇಗಿರುತ್ತೆ? ಒಂದ್ಸಲ ಬೋಳಿಸಿಬಿಡಬಾರದಾ?" ಡೊಂಬಿವಲಿಯಿಂದ ಬರುವ ಚಿಕ್ಕಮ್ಮ ಕೇಳುತ್ತಾರೆ, ಮಾಟುಂಗಾದ ಗೆಳೆಯರು ಕೇಳುತ್ತಾರೆ, ಲಿಫ್ಟಿನಲ್ಲಿ ಸಿಕ್ಕವರು ಮರಾಠಿಯಲ್ಲಿ ಕೇಳುತ್ತಾರೆ. ಬೋಳಿಸುವುದಿಲ್ಲ. ಯಾಕೆ ಅಂತ ಒಮ್ಮೆ ಬರೆದೇ ಬಿಡುತ್ತೇನೆ, ಇನ್ನು ಕೇಳಿದವರಿಗೆ ಇದನ್ನೇ ಕಳಿಸಬಹುದು.

ನಮ್ಮ ಗುಂಡ ಮೇನ್ ಕೂನ್ ಜಾತಿಯವನು. ಈ ಊರಲ್ಲಿ ಕೂದಲು ಜಾಸ್ತಿ ಇರುವ ಬೆಕ್ಕನ್ನೆಲ್ಲ ಪರ್ಷಿಯನ್ ಅಂತಲೇ ಕರೆಯುತ್ತಾರೆ, ಅದರಲ್ಲೂ ಮುಖ ಎಷ್ಟು ಚಪ್ಪಟೆ ಅಂತ ನೋಡಿ ಡಾಲ್ ಫೇಸ್, ಪಂಚ್ ಫೇಸ್ ಅಂತ ಮಾರುವವರ ಲೆಕ್ಕ ಬೇರೆ. ಮೇನ್ ಕೂನ್‌ಗೆ ಚಪ್ಪಟೆ ಮುಖ ಇರುವುದಿಲ್ಲ, ಮೂತಿ ಉದ್ದ, ಮೈ ಉದ್ದ, ಬಾಲ ಇನ್ನೂ ಉದ್ದ. ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯದ್ದು ಈ ಜಾತಿ, 1985ರಲ್ಲಿ ಅಲ್ಲಿನ ಸರ್ಕಾರವೇ ಇದನ್ನು ರಾಜ್ಯದ ಬೆಕ್ಕು ಅಂತ ಘೋಷಿಸಿತು. ಗಂಡು ಬೆಕ್ಕು 6ರಿಂದ 8 ಕಿಲೋ ತೂಗುವುದು ಮಾಮೂಲು, ಪೂರ್ತಿ ಬೆಳೆಯಲು 3ರಿಂದ 5 ವರ್ಷ ಬೇಕು. ಹಿಮ ಬೀಳುವ ಊರಿನದಾದ್ದರಿಂದ ಅಂಗಾಲಿನ ಸಂದಿಯಲ್ಲೂ ಕೂದಲಿದೆ. ಹಾಗಾಗಿ ನೀವು ಕೇಳುವುದರಲ್ಲಿ ತಪ್ಪಿಲ್ಲ.

ಆದರೆ ಬೆಕ್ಕು ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಅದು ಬೆವರುವುದು ಮುಖ್ಯವಾಗಿ ಅಂಗಾಲಿನಲ್ಲಿ. ಉಳಿದಂತೆ ಮೈ ನೆಕ್ಕಿಕೊಳ್ಳುತ್ತದೆ, ಆ ಜೊಲ್ಲು ಆರುವಾಗ ತಂಪಾಗುತ್ತದೆ. ಬನಿಯನ್ ತೆಗೆದರೆ ನಮಗೆ ಹಾಯೆನಿಸುತ್ತದೆ, ಕೂದಲು ತೆಗೆದರೆ ಅದಕ್ಕೆ ಹಾಗಾಗುವುದಿಲ್ಲ. ಬದಲಿಗೆ ಬಿಸಿಲು ನೇರ ಚರ್ಮಕ್ಕೇ ತಾಗುತ್ತದೆ. ಮುಂಬಯಿಯ ನಿಜವಾದ ತೊಂದರೆ ಗಾಳಿಯಲ್ಲಿರುವ ತೇವ, ಅದರಲ್ಲಿ ಏನೂ ಬೇಗ ಆರುವುದಿಲ್ಲ, ನಮ್ಮ ಬಟ್ಟೆಯೂ ಆರುವುದಿಲ್ಲ, ಅವನ ಮೈಯೂ ಆರುವುದಿಲ್ಲ. ಅದಕ್ಕೆ ಬೇಕಾದ್ದು ಫ್ಯಾನು, ನೆರಳು, ತಣ್ಣನೆಯ ನೆಲ, ತೀರಾ ಧಗೆ ಇದ್ದ ಮಧ್ಯಾಹ್ನ ಏಸಿ. ಗುಂಡ ತನ್ನ ಜಾಗ ತಾನೇ ಆರಿಸಿಕೊಂಡಿದ್ದಾನೆ. ಬೆಳಿಗ್ಗೆ ಅಡುಗೆಮನೆಯ ಕಡಪಾ ಕಲ್ಲು, ಮಧ್ಯಾಹ್ನ ಬಾತ್‌ರೂಮಿನ ಟೈಲ್ಸ್. ನೀರಿನ ಬಟ್ಟಲಿಗೆ ಕಾಲು ಅದ್ದಿ ಅರ್ಧ ನೀರು ಹೊರಗೆ ಚೆಲ್ಲಿದ ಮೇಲೇ ಕುಡಿಯುವುದು. ಈ ಜಾತಿಯ ಬಹಳಷ್ಟು ಬೆಕ್ಕುಗಳಿಗೆ ನೀರೆಂದರೆ ಆಟ.

ಕೂದಲಿಗೆ ಮಾಡಬೇಕಾದ್ದು ಬಾಚುವುದು. ಉದ್ದ ಹಲ್ಲಿನ ಸ್ಟೀಲ್ ಬಾಚಣಿಗೆ ಸಾಕು. ಬೆನ್ನು ಬಾಚಿ ಮುಗಿಯಿತು ಅನ್ನುವವರೇ ಜಾಸ್ತಿ, ಬೆನ್ನಿನಲ್ಲಿ ಏನೂ ಇರುವುದಿಲ್ಲ. ಗಂಟು ಕಟ್ಟುವುದು ಕಿವಿಯ ಹಿಂದೆ, ಕಂಕುಳಲ್ಲಿ, ಹೊಟ್ಟೆಯ ಮೇಲೆ, ಹಿಂಗಾಲಿನ ಚಲ್ಲಣದಂಥ ಕೂದಲಲ್ಲಿ. ಗಂಟು ಸಿಕ್ಕರೆ ಅದರ ಬುಡವನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿಯಿರಿ, ಎಳೆತ ಚರ್ಮಕ್ಕೆ ತಾಗಬಾರದು. ಸ್ವಲ್ಪ ಕಾರ್ನ್‌ಫ್ಲೋರ್ ಉದುರಿಸಿ ಬೆರಳಲ್ಲೇ ಸೀಳುತ್ತಾ ಬನ್ನಿ, ಆಮೇಲೆ ಬಾಚಣಿಗೆಯ ತುದಿ. ಕತ್ತರಿ ಬೇಡವೇ ಬೇಡ. ಬೆಕ್ಕಿನ ಚರ್ಮ ಬಹಳ ತೆಳು, ಗಂಟಿನ ಜೊತೆ ಅದೂ ಮೇಲೆದ್ದು ಬರುತ್ತದೆ, ಯಾವುದು ಕೂದಲು ಯಾವುದು ಚರ್ಮ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಇನ್ನೂ ಜಾಗ್ರತೆ, ಒದ್ದೆ ಕೂದಲು ಹಾಗೇ ಉಳಿದರೆ ಕೆಳಗಿನ ಚರ್ಮ ಕೆಡುತ್ತದೆ.

ಬೋಳಿಸಲು ನಾನು ಹೆದರುವ ದೊಡ್ಡ ಕಾರಣ ಬೇರೆ ಇದೆ. 7 ಕಿಲೋ ಬೆಕ್ಕು ಮಷಿನ್ ಸದ್ದಿಗೆ ಸುಮ್ನೆ ಕೂರುತ್ತದಾ? ಎಷ್ಟೋ ಸಲ ಮಂಪರಿನ ಇಂಜೆಕ್ಷನ್ ಕೊಡಬೇಕಾಗುತ್ತದೆ. ಮೇನ್ ಕೂನ್‌ಗಳಲ್ಲಿ ಹೃದಯದ ಗೋಡೆ ದಪ್ಪಗಾಗುವ ಕಾಯಿಲೆ, ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪತಿ, ವಂಶದಲ್ಲೇ ಬರುವುದುಂಟು. ಅದಕ್ಕೆ ಕಾರಣವಾದ ಒಂದು ಜೀನಿನ ದೋಷವನ್ನು 2005ರಲ್ಲಿ ಗುರುತಿಸಿದರು. ಜೀನ್ ಟೆಸ್ಟ್ ಚೆನ್ನಾಗಿ ಬಂದರೂ ಕಾಯಿಲೆ ಬರಬಹುದು, ಆದ್ದರಿಂದ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿ ನೋಡಬೇಕು. ಹೊರಗೆ ಏನೂ ಕಾಣದೆ ಕುಣಿದಾಡುವ ಬೆಕ್ಕಿನಲ್ಲೂ ಇದು ಇರಬಹುದು. ಅಂಥ ಹೃದಯಕ್ಕೆ ಬರೀ ಕ್ಷೌರಕ್ಕೋಸ್ಕರ ಮಂಪರು ಯಾಕೆ ಕೊಡಬೇಕು ಹೇಳಿ.

ಮನೆಯಲ್ಲೇ ನೋಡಬಹುದಾದದ್ದು ಉಸಿರು. ಬೆಕ್ಕು ಗಾಢ ನಿದ್ದೆಯಲ್ಲಿದ್ದಾಗ ಪಕ್ಕೆ ಒಮ್ಮೆ ಏರಿ ಇಳಿದರೆ ಒಂದು, ಹಾಗೆ ಒಂದು ನಿಮಿಷ ಎಣಿಸಿ. 30ರ ಒಳಗಿರಬೇಕು. ದಿನಾ ಅದಕ್ಕಿಂತ ಜಾಸ್ತಿ ಬಂದರೆ ಡಾಕ್ಟರಿಗೆ ತೋರಿಸಿ. ಬಾಯಿ ತೆರೆದು ನಾಯಿಯ ಹಾಗೆ ಏದುಸಿರು ಬಿಡುತ್ತಿದ್ದರೆ "ಸೆಕೆ ಅಲ್ವಾ" ಅಂದುಕೊಂಡು ಕೂರಬೇಡಿ. ತಣ್ಣೀರಲ್ಲಿ ಮೈ ಒದ್ದೆ ಮಾಡಿ, ಐಸ್ ನೀರು ಬೇಡ, ಫ್ಯಾನಿನ ಕೆಳಗಿಟ್ಟು ರಿಕ್ಷಾ ಕರೆಯಿರಿ. ಹಿಂಗಾಲು ತಟ್ಟನೆ ಬಿದ್ದುಹೋಗಿ ಅರಚಿಕೊಂಡರೂ ಅಷ್ಟೇ ತುರ್ತು. ರಕ್ತ ಹೆಪ್ಪುಗಟ್ಟಿ ಕಾಲಿನ ನಾಳ ಮುಚ್ಚಿರಬಹುದು.

ನಮ್ಮದು ಮೊಸರನ್ನದ ಮನೆ, ಅವನಿಗೂ ಅದೇನಾ ಅಂತಲೂ ಕೇಳುತ್ತಾರೆ. ಅದಾಗುವುದಿಲ್ಲ. ಮಾಂಸದಲ್ಲಿ ಸಿಗುವ ಟಾರಿನ್ ಅನ್ನುವ ಅಂಶ ಸಾಲದೆ ಹೋದರೂ ಬೆಕ್ಕಿನ ಹೃದಯ, ಕಣ್ಣು ಕೆಡುತ್ತವೆ. ಅವನ ಊಟ ಅವನದು, ಬಟ್ಟಲೂ ಬೇರೆ, ಅಜ್ಜಿಯೂ ಒಪ್ಪಿಕೊಂಡಿದ್ದಾರೆ.

ಬೋಳಿಸಲೇಬೇಕಾದ ಸಂದರ್ಭ ಇಲ್ಲವೆಂದಲ್ಲ. ಗಂಟುಗಳೆಲ್ಲ ಸೇರಿ ಹೊಟ್ಟೆಯಡಿ ಕಂಬಳಿಯಂತೆ ಗಟ್ಟಿಯಾದರೆ, ಅದರ ಕೆಳಗೆ ಹುಣ್ಣಾದರೆ ಬೇರೆ ದಾರಿಯಿಲ್ಲ. ಆಗಲೂ ಪೆಟ್ ಪಾರ್ಲರಿಗೆ ಹೋಗಬೇಡಿ, ಪಶುವೈದ್ಯರಲ್ಲಿ ಮಾಡಿಸಿ. ಮಂಪರು ಬೇಕೆಂದರೆ ಮೊದಲು ಎಕೋ ಮಾಡಿಸಲು ಹೇಳಿ.